ಮಗಳಿಗೊಂದು ಪತ್ರ: ಅಂಗಡಿಯ ಬಾಗಿಲು ತೆರೆದಾಗ

ಪ್ರೀತಿಯ ಮಗಳೇ,

ಪೂಜೆ, ಪ್ರಾರ್ಥನೆ ಕಡಿಮೆಯಾಗುತ್ತಿರುವುದಕ್ಕೆ ಜನ ವಿಚಾರವಂತರಾದದ್ದೇ ಕಾರಣ ಎಂದು ಬರೆದಿದ್ದೀಯೆ. ನನಗೇಕೋ ಒಪ್ಪಿಗೆಯಾಗಲಿಲ್ಲ. ಯೋಚಿಸಿ, ತರ್ಕಿಸಿ ದೇವರನ್ನು ಬಿಟ್ಟವರ ಬಗ್ಗೆ ನನಗೆ ಗೌರವವಿದೆ. ಆದರೆ ಅಂಥವರು ಎಷ್ಟು ಮಂದಿ? ಹೆಚ್ಚಿನವರು ಬಿಟ್ಟದ್ದು ವಾದದಲ್ಲಿ ಸೋತು ಅಲ್ಲ, ಪುರುಸೊತ್ತು ಸಿಗದೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಭಾನುವಾರ ಅಂಗಡಿ ತೆರೆಯಬಾರದೆಂಬ ಹಳೆಯ ಕಾನೂನುಗಳಿದ್ದವು. ಎಲ್ಲರಿಗೂ ಒಂದೇ ದಿನ ಬಿಡುವಿರಲಿ ಎಂಬ ನೆಲೆಯಲ್ಲಿ 1961ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವನ್ನು ಎತ್ತಿಹಿಡಿದಿತ್ತು. ಮುಂದೆ ಅನೇಕ ರಾಜ್ಯಗಳು, ಒಂದೊಂದು ಒಂದೊಂದು ವರ್ಷ, ಅವನ್ನು ಕೈಬಿಟ್ಟವು. ಹಾಗಾಗಿ ಕಾನೂನು ಇದ್ದ ಕಡೆಯನ್ನೂ ಹೋದ ಕಡೆಯನ್ನೂ ಹೋಲಿಸಿ ನೋಡಲು ಅನುಕೂಲವಾಯಿತು. ಜೊನಾಥನ್ ಗ್ರೂಬರ್ ಮತ್ತು ಡೇನಿಯಲ್ ಹಂಗರ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಈ ಬಗ್ಗೆ 2008ರಲ್ಲಿ ಅಧ್ಯಯನ ಪ್ರಕಟಿಸಿದರು. ಕಾನೂನು ಹೋದ ಕಡೆ ಚರ್ಚಿಗೆ ಬರುವವರು ಕಡಿಮೆಯಾದರು, ಕಾಣಿಕೆಯೂ ಇಳಿಯಿತು. ಶ್ರದ್ಧೆ ಮೊದಲೇ ಕುಗ್ಗಿತ್ತು, ಕಾನೂನು ಆಮೇಲೆ ಹೋಯಿತು ಎನ್ನಲು ಅವರಿಗೆ ಆಧಾರ ಸಿಗಲಿಲ್ಲ. ಅಂದರೆ ಚರ್ಚಿಗೆ ಬರುವುದನ್ನು ಬಿಟ್ಟವರ ನಂಬಿಕೆಯನ್ನು ಯಾರೂ ಅಲುಗಾಡಿಸಿರಲಿಲ್ಲ. ಅಂಗಡಿಯ ಬಾಗಿಲು ತೆರೆದಿತ್ತು, ಅಷ್ಟೇ. (ಆ ಬಾಗಿಲು ತೆರೆಯಲು ಬಿಡುವು ಕಳೆದುಕೊಂಡ ನೌಕರರ ನೆನಪು ನಮ್ಮಂಥ ಗಿರಾಕಿಗಳಿಗೆ ಎಲ್ಲಿ ಬರುತ್ತದೆ!)

ಜರ್ಮನಿಯವರು ಇದಕ್ಕೆ ಸುಲಭವಾಗಿ ಮಣಿಯಲಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಬರ್ಲಿನ್ ಅನುಮತಿ ಕೊಟ್ಟಾಗ ಚರ್ಚುಗಳು ಮೊಕದ್ದಮೆ ಹೂಡಿದವು. ವರ್ತಕರ ಲಾಭ, ಗಿರಾಕಿಗಳ ಕೊಳ್ಳುವ ಆಸೆ ಇಷ್ಟೇ ಕಾರಣ ಸಾಲದು ಎಂದು 2009ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹೇಳಿತು.

ಈಗ ಮುಚ್ಚಲು ಬಾಗಿಲೇ ಇಲ್ಲ. ಮೊಬೈಲ್ ತೆರೆದರೆ ‘ರಿಯಾಯಿತಿ ಇನ್ನು ಸ್ವಲ್ಪ ಹೊತ್ತು ಮಾತ್ರ’ ಎಂದು ಕೆಂಪು ಅಂಕಿಗಳು ಸೆಕೆಂಡ್ ಸೆಕೆಂಡಿಗೂ ಇಳಿಯುತ್ತವೆ. ಬೇಡದ ವಸ್ತುವಿಗೂ ಎದೆ ಹೊಡೆದುಕೊಳ್ಳುತ್ತದೆ. ಕಣ್ಣು ಮುಚ್ಚಿ ಸುಮ್ಮನೆ ಕೂರುವುದು, ಒಂದು ದಿನ ಉಪವಾಸವಿರುವುದು, ಇದ್ದದ್ದರಲ್ಲಿ ಕೊಡುವುದು, ಇವುಗಳಿಂದ ಮಾರುವವನಿಗೆ ಏನು ಗಿಟ್ಟುತ್ತದೆ? ಆದರೂ ಕೊಳ್ಳುಬಾಕ ಸಂಸ್ಕೃತಿ ಧರ್ಮದ ಜೊತೆ ಜಗಳಕ್ಕಿಳಿಯುವುದಿಲ್ಲ. ಹಬ್ಬವನ್ನು ಮಾರಾಟದ ಹಂಗಾಮು ಮಾಡಿಕೊಳ್ಳುತ್ತದೆ, ಧ್ಯಾನಕ್ಕೂ ತಿಂಗಳ ಚಂದಾ ಕೇಳುತ್ತದೆ. ಧರ್ಮದ ಹೆಸರಿನಲ್ಲಿ ಅಂಗಡಿ ಇಟ್ಟವರೂ ಸಾಚಾಗಳಲ್ಲ, ಅದು ನನಗೆ ಗೊತ್ತು.

ನೀನು ನಂಬಲೇಬೇಕೆಂಬ ಹಟ ನನಗಿಲ್ಲ. ವಿಜ್ಞಾನದ ಮೇಲೆ ಹೊಣೆ ಹೊರಿಸುವ ಮೊದಲು, ಪ್ರಾರ್ಥನೆಗಿದ್ದ ಆ ಹೊತ್ತು ಈಗ ಯಾವುದಕ್ಕೆ ಹೋಗುತ್ತಿದೆ ಎಂದು ಲೆಕ್ಕ ಹಾಕಿ ಬರೆ.

ನಿನ್ನ
ಅಮ್ಮ