ಅರ್ಧ ಮುದ್ದೆ

ಪುಟ್ಟಿ,

ಬಸ್ಸು ಮದ್ದೂರು ದಾಟುವವರೆಗೂ ಫೋನು ಕೈಯಲ್ಲೇ ಹಿಡಿದು ಕೂತಿದ್ದೆ, ನೀನು ಮಾಡ್ತೀಯ ಅಂತ. ಆಮೇಲೆ ಬ್ಯಾಗಿಗೆ ಹಾಕಿದೆ. ಭಾನುವಾರ ಊಟದ ಹೊತ್ತಲ್ಲಿ ಆದದ್ದನ್ನ ಮತ್ತೆ ಬರೆಯೋದಿಲ್ಲ, ಅದು ನಿನಗೂ ಗೊತ್ತು, ನನಗೂ ಗೊತ್ತು. ಫೋನಲ್ಲಿ ಹೇಳೋಣ ಅಂದರೆ ಎರಡನೇ ಮಾತಿಗೇ ನನ್ನ ದನಿ ಏರುತ್ತೆ, ನೀನು 'ಸರಿ ಅಮ್ಮ, ಇಡ್ತೀನಿ' ಅಂತೀಯ. ಅದಕ್ಕೇ ಅಂಗನವಾಡಿಯ ಹಳೇ ರಿಜಿಸ್ಟರಿನ ಖಾಲಿ ಹಾಳೆ ಕಿತ್ತು ಬರೀತಿದ್ದೀನಿ. ಮಗುವಿನ ಹೆಸರು, ವಯಸ್ಸು, ತೂಕ ಅಂತ ಕಾಲಂ ಎಲ್ಲ ಹಾಗೇ ಇದೆ. ನಗಬೇಡ.

ಮೊದಲು ನಿನ್ನ ಕಡೆ ಸರಿ ಇರೋದನ್ನ ಒಪ್ಪಿಕೊಂಡುಬಿಡ್ತೀನಿ, ಆಮೇಲೆ ಮನಸ್ಸು ಬರುತ್ತೋ ಇಲ್ಲವೋ. ಮೊದಲ ಮೂರು ತಿಂಗಳು ಬಸುರಿಗೆ ಹೆಚ್ಚಿನ ಊಟ ಬೇಕಿಲ್ಲ. ಮಗು ಈಗಿರೋದು ಒಂದು ನೇರಳೆಹಣ್ಣಿನಷ್ಟು, ಅದರ ಪಾಲು ಅಂತ ಬೇರೆ ಬಡಿಸೋ ಹಾಗಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗರ್ಭಿಣಿಯರ ಸಭೆಯಲ್ಲಿ ಕಾಲು ಶತಮಾನದಿಂದ ನಾನೇ ಹೇಳ್ಕೊಂಡು ಬಂದಿದ್ದೀನಿ. ಹೇಳಿ, ಮನೆಗೆ ಬಂದು, ನಿನಗೆ ಅಂತ ಎರಡು ಕೆಜಿ ಬೆಣ್ಣೆ ಕಾಯಿಸಿ, ಕೊಬ್ಬರಿ ಬೆಲ್ಲದ ಉಂಡೆ ಕಟ್ಟಿ, ಡಬ್ಬದ ಬಾಯಿಗೆ ಬಟ್ಟೆ ಬಿಗಿದು ಬಸ್ ಹತ್ತಿದವಳೂ ನಾನೇ. 'ಅಮ್ಮ, ಒಂದು ಚಿಕ್ಕ ಚಮಚ ತುಪ್ಪಕ್ಕೆ 45 ಕ್ಯಾಲೊರಿ' ಅಂದೆ ನೀನು. ಹೌದು. ನಾನು ಹಾಕೋದು ಚಮಚದಲ್ಲಲ್ಲ, ಸೌಟಲ್ಲಿ ಅಂದೆಯಲ್ಲ, ಅದೂ ಹೌದು.

ನಿಮ್ಮ ಡಾಕ್ಟರಮ್ಮ ಹೇಳಿದ ಲೆಕ್ಕವೂ ಸರಿಯಾಗೇ ಇದೆ. 157 ಸೆಂಟಿಮೀಟರ್ ಎತ್ತರ, 67 ಕೆಜಿ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅಂತ ನೋಡೋ ಬಿಎಂಐ 27 ಚಿಲ್ಲರೆ. ಅಷ್ಟಿರೋರು ಒಂಬತ್ತು ತಿಂಗಳೂ ಸೇರಿ 7ರಿಂದ 11.5 ಕೆಜಿ ಏರಿದರೆ ಸಾಕು. ಅದರಲ್ಲಿ ಮೊದಲ ಮೂರು ತಿಂಗಳದ್ದು ಅರ್ಧ ಕೆಜಿಯಿಂದ ಎರಡು ಕೆಜಿ. ನಮ್ಮ ಕೇಂದ್ರಕ್ಕೆ ಬರೋ ಸಣಕಲು ಹುಡುಗಿಯರಿಗೆ ಹೇಳೋದೇ ಬೇರೆ, ಬಿಎಂಐ 18.5 ಇಲ್ಲದವಳು ಹನ್ನೆರಡೂವರೆ ಕೆಜಿಯಾದರೂ ಏರಬೇಕು. ಅವರಿಗೆ ಹೇಳೋ ಮಾತನ್ನ ನಿನಗೆ ಹೇಳಿದ್ದು ನನ್ನ ತಪ್ಪು.

ಆದರೆ ಕಡಿಮೆ ಏರಬೇಕು ಅಂದರೆ ಇಳೀಬೇಕು ಅಂತ ಅಲ್ಲ ಕಣೆ. ನಿನ್ನ ಫೋನಿನಲ್ಲಿರೋ ಆ ದಿನಕ್ಕೆ 1200 ಕ್ಯಾಲೊರಿ ಅನ್ನೋ ಅಂಕಿ ಯಾವಾಗ ಹಾಕಿದ್ದು? ಅಂಡಾಶಯದ ತೊಂದರೆ, ಪಿಸಿಓಡಿ ಅಂತ ಗೊತ್ತಾಗಿ, 78 ಕೆಜಿ ಇದ್ದವಳು ಇಳಿಸೋಕೆ ಹೊರಟಾಗ ಹಾಕಿದ್ದು. ಆಗ ಅದು ಬೇಕಿತ್ತು. ಬೆಳಗ್ಗೆ ಐದೂವರೆಗೆ ಎದ್ದು ಅಗರ ಕೆರೆ ಸುತ್ತಿ, ಒಂದೂವರೆ ವರ್ಷದಲ್ಲಿ 11 ಕೆಜಿ ಇಳಿಸಿದೆ. ನಾನು ಆ ವಿಷಯ ಯಾರ್ಯಾರಿಗೆ ಹೇಳಿದ್ದೀನಿ ಅಂತ ನಿನಗೆ ಗೊತ್ತಿಲ್ಲ. ಸೂಪರ್‌ವೈಸರ್ ಮೇಡಂಗೂ ಹೇಳಿದ್ದೀನಿ, ಹಾಲಿನ ಡೈರಿ ಹತ್ತಿರ ನಿಂತು ಸಿಕ್ಕಿದವರಿಗೆಲ್ಲ ಹೇಳಿದ್ದೀನಿ. ನಿನಗೇ ಒಂದು ಸಲವೂ ಹೇಳಲಿಲ್ಲ, ಅಲ್ವಾ? ಈಗ ಹೇಳ್ತಿದ್ದೀನಿ. ಅಷ್ಟು ಹಠ ನನಗೂ ಇರಲಿಲ್ಲ, ನಿಮ್ಮಪ್ಪನಿಗೂ ಇರಲಿಲ್ಲ. ಆದರೆ ಕೂತು ಕೆಲಸ ಮಾಡೋ ಹೆಂಗಸಿಗೇ, ಬಸುರಿಯಲ್ಲದಿದ್ದರೂ, ದಿನಕ್ಕೆ 1660 ಬೇಕು ಅಂತ ಹೈದರಾಬಾದಿನ ಪೋಷಣಾ ಸಂಸ್ಥೆಯವರ ಲೆಕ್ಕ. ನೀನು 1200ರಲ್ಲೇ ನಿಂತಿದ್ದೀಯ. ಅದರಲ್ಲೂ ಅರ್ಧ ವಾಂತಿ.

ಅಳಿಯಂದಿರ ಮುಂದೆ ಹಾಗೆ ಕೂಗಬಾರದಿತ್ತು. ಪಾಪ, ಅವರು ನಿನಗೆ ವಾಸನೆ ಆಗಲ್ಲ ಅಂತ ತಾವೇ ಅಡುಗೆಮನೆಗೆ ಹೋಗಿ, ನೀನು ಹೇಳಿದಷ್ಟು ಅನ್ನ ತೂಗಿ, ಮೇಲಿಂದ ಒಂದು ಚಮಚ ವಾಪಸ್ ಕುಕ್ಕರಿಗೆ ಹಾಕಿದರು. ಆ ಒಂದು ಚಮಚ ನೋಡಿ ನನಗೆ ಏನಾಯಿತೋ ಗೊತ್ತಿಲ್ಲ. ಗೊತ್ತಿಲ್ಲ ಅಂದರೆ ಸುಳ್ಳಾಗುತ್ತೆ. ಗೊತ್ತಿದೆ.

1994ರಲ್ಲಿ ನೀನು ಹೊಟ್ಟೆಯಲ್ಲಿದ್ದಾಗ ನಿಮ್ಮಜ್ಜಿ ಒಲೆ ಮುಂದೆ ಕೂತು ಮುದ್ದೆ ಕಟ್ತಿದ್ದರು. ಗಂಡಸರಿಗೆ ಎರಡೆರಡು, ಮಕ್ಕಳಿಗೆ ಒಂದೊಂದು. ನನ್ನ ಸರದಿ ಬಂದಾಗ ಕೈ ಒದ್ದೆ ಮಾಡಿಕೊಂಡು, ಒಂದು ಮುದ್ದೆಯನ್ನ ನಡುವೆ ಮುರಿದು ಅರ್ಧ ನನ್ನ ತಟ್ಟೆಗೆ ಹಾಕ್ತಿದ್ದರು. 'ಹೊಟ್ಟೆ ತುಂಬ ಉಂಡರೆ ಕೂಸಿಗೆ ಜಾಗ ಎಲ್ಲಿರುತ್ತೆ? ಕೂಸು ದಪ್ಪ ಆದರೆ ನೀನು ಹೆರೋದು ಹೆಂಗೆ?' ಉಳಿದರ್ಧ ಬುಟ್ಟಿಯಲ್ಲೇ ಇರ್ತಿತ್ತು, ಮೇಲೆ ತಟ್ಟೆ ಮುಚ್ಚಿ. ಆ ಮನೆಯಲ್ಲಿ ರಾಗಿಗೆ ಬರ ಇರಲಿಲ್ಲ ಪುಟ್ಟಿ, ಕಣಜ ತುಂಬಿತ್ತು. ಜಿಪುಣತನವೂ ಅಲ್ಲ. ಅವರ ಸ್ವಂತ ಅಕ್ಕ ಹೆರಿಗೆಯಲ್ಲಿ ಮೂರು ದಿನ ನರಳಿ ಹೋಗಿದ್ದಳಂತೆ. ಕೂಸು ದೊಡ್ಡದಿತ್ತಂತೆ. ನನ್ನನ್ನ ಉಳಿಸಿಕೊಳ್ಳೋಕೆ ಅಂತಲೇ ಮುರೀತಿದ್ದರು.

ಆ ಮುರಿದ ಮುದ್ದೆಯಿಂದ ಆವಿ ಏಳ್ತಿತ್ತು. ಇಡೀ ಮುದ್ದೆಯಲ್ಲಿ ಅಷ್ಟು ಆವಿ ಕಾಣಲ್ಲ, ಮುರಿದಾಗ ಒಳಗಿನ ಬಿಸಿ ಹೊರಗೆ ಬರುತ್ತಲ್ಲ, ಹಾಗೆ. ಹುರುಳಿಕಾಳಿನ ಬಸ್ಸಾರು ಇದ್ದ ದಿನ ತುಂಬ ಕಷ್ಟ ಆಗ್ತಿತ್ತು. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಬುಟ್ಟಿ ತೆಗೆದು, ಅಡಿಕೆಯಷ್ಟು ಚಿವುಟಿ ಬಾಯಿಗೆ ಹಾಕಿಕೊಂಡೆ. ಬೆಳಗ್ಗೆ ಗೊತ್ತಾಗದಿರಲಿ ಅಂತ ಚಿವುಟಿದ ಜಾಗವನ್ನ ಹೆಬ್ಬೆರಳಲ್ಲಿ ಸವರಿ ನುಣ್ಣಗೆ ಮಾಡಿದೆ. ಹಳಸುತ್ತೆ ಅಂತ ಅವರು ಬೆಳಗ್ಗೆ ಅದನ್ನ ಎಮ್ಮೆಯ ಕಲಗಚ್ಚಿಗೆ ಹಾಕಿದರು, ನೋಡಲೂ ಇಲ್ಲ. ಮಾರನೇ ದಿನವೂ ಹಾಗೇ ಮಾಡಿದೆ. ನನ್ನ ಗಂಡನ ಮನೆಯಲ್ಲಿ ನಾನು ಕದ್ದ ಹಾಗೆ, ಎಷ್ಟು ದಿನ ಅಂತ ಲೆಕ್ಕ ಇಲ್ಲ. ಒಂದು ಸಲವಾದರೂ 'ಅತ್ತೆ, ಹಸಿವಾಗುತ್ತೆ' ಅಂತ ಕೇಳಬಹುದಿತ್ತು. ಕೇಳಿದ್ದರೆ ಕೊಡ್ತಿದ್ದರೋ ಏನೋ. ಇವತ್ತಿಗೂ ಅದೇ ಯೋಚನೆ.

ನೀನು ಹುಟ್ಟಿದಾಗ 1 ಕೆಜಿ 900 ಗ್ರಾಂ. ಎರಡೂವರೆ ಕೆಜಿಗಿಂತ ಕೆಳಗಿದ್ದರೆ ಕಡಿಮೆ ತೂಕ ಅಂತ ನಾನು ಕಲಿತದ್ದು ಆಮೇಲೆ. ಆವತ್ತು ನನಗೆ ಕಂಡದ್ದು ತಕ್ಕಡಿ ಮುಳ್ಳು ಎರಡನ್ನ ಮುಟ್ಟದೆ ನಿಂತದ್ದು ಮಾತ್ರ. ನಿಮ್ಮಜ್ಜಿಗೆ ಖುಷಿ, ಹೆರಿಗೆ ಸಲೀಸಾಯಿತು ಅಂತ. ಒಂದು ತಿಂಗಳು ನಿನ್ನನ್ನ ಹತ್ತಿ, ಹಳೇ ಪಂಚೆಯಲ್ಲಿ ಸುತ್ತಿ ನನ್ನ ಎದೆ ಮೇಲೇ ಇಟ್ಟುಕೊಂಡಿದ್ದೆ.

ಆಮೇಲೆ ಕೆಲಸಕ್ಕೆ ಸೇರಿ, ಒಂದು ತರಬೇತಿಗೆ ಮೈಸೂರಿಗೆ ಹೋದಾಗ ಡಾಕ್ಟರೊಬ್ಬರು ಹೇಳಿದರು. ಮೈಸೂರಿನ ಮಿಷನ್ ಆಸ್ಪತ್ರೆ, ಅದೇ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರಂತೆ. ಆ ಮಕ್ಕಳು ದೊಡ್ಡವರಾಗಿ, ನಲವತ್ತು ಐವತ್ತು ದಾಟಿದ ಮೇಲೆ ಅವರನ್ನ ಹುಡುಕಿ ಪರೀಕ್ಷೆ ಮಾಡಿದರೆ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೇ ಹೃದಯದ ಕಾಯಿಲೆ ಜಾಸ್ತಿ ಇತ್ತಂತೆ. ಪಕ್ಕದಲ್ಲಿ ಕೂತಿದ್ದವರು ಟೀ ಬಂತು ಅಂತ ಎದ್ದುಹೋದರು. ನಾನು ಅಲ್ಲೇ ಕೂತಿದ್ದೆ. ನಿನಗಾಗ ಏಳು ವರ್ಷ. ಮನೆಗೆ ಬಂದು ನಿನಗೆ ತುಪ್ಪ ಹೆಚ್ಚು ಹಾಕಿದೆ, ನೋಡು ನನ್ನ ಬುದ್ಧಿ! ಸಣ್ಣಗೆ ಹುಟ್ಟಿದ ಕೂಸನ್ನ ಆಮೇಲೆ ತುರುಕಿ ತುರುಕಿ ದಪ್ಪ ಮಾಡೋದೂ ಒಳ್ಳೆಯದಲ್ಲ ಅಂತ ಅವರೇ ಹೇಳಿದ್ದರು. ಆ ಮಾತು ನನ್ನ ಕಿವಿಗೆ ಬಿದ್ದಿತ್ತು, ಕೈಗೆ ಇಳೀಲಿಲ್ಲ.

ಹದಿಮೂರಕ್ಕೆ ನೀನು ದಪ್ಪಗಾದೆ. ಆಗ ಬೈಯೋಕೆ ಶುರು ಮಾಡಿದವಳೂ ನಾನೇ. ಟೈಲರ್ ಅಂಗಡಿಯಲ್ಲಿ ಅಷ್ಟು ಜನರ ಮುಂದೆ 'ಸ್ವಲ್ಪ ಬಟ್ಟೆ ಬಿಟ್ಟು ಹೊಲಿಯಪ್ಪ, ಇವಳು ಇಲ್ಲಿಗೇ ನಿಲ್ಲೋಳಲ್ಲ' ಅಂದೆನಂತೆ. ಭಾನುವಾರ ನೀನು ಹೇಳಿದ ಮೇಲೆ ಜ್ಞಾಪಿಸಿಕೊಳ್ಳೋಕೆ ನೋಡಿದೆ, ನನಗೆ ಜ್ಞಾಪಕಕ್ಕೇ ಬರ್ತಿಲ್ಲ. ನಿನಗೆ ಮಾತ್ರ ಆ ಟೈಲರ್ ಕಿವಿ ಮೇಲೆ ಸಿಕ್ಕಿಸಿಕೊಂಡಿದ್ದ ಸೀಮೆಸುಣ್ಣದವರೆಗೂ ನೆನಪಿದೆ. ತಪ್ಪಾಯಿತು ಕಣೆ.

ಈಗ ಸ್ವಲ್ಪ ಕೆಲಸದ ಮಾತು. ಬೆಳಗ್ಗೆ ಎದ್ದು ಕೂರೋಕೆ ಮುಂಚೆಯೇ ಹಾಸಿಗೆಯಲ್ಲೇ ಒಂದು ರಸ್ಕೋ, ಒಂದು ಹಿಡಿ ಹುರಿಗಡಲೆಯೋ ತಿನ್ನು. ಹೊಟ್ಟೆ ಖಾಲಿ ಬಿಟ್ಟಷ್ಟೂ ವಾಕರಿಕೆ ಜಾಸ್ತಿ. ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ. ಊಟದ ಜೊತೆ ನೀರು ಬೇಡ, ನಡುನಡುವೆ ಗುಟುಕು ಗುಟುಕಾಗಿ ಕುಡಿ. ಫೋಲಿಕ್ ಆಸಿಡ್ ಮಾತ್ರೆಯನ್ನ 12 ವಾರ ತುಂಬೋವರೆಗೂ ಒಂದು ದಿನವೂ ಬಿಡಬೇಡ, ವಾಂತಿ ಆಗುತ್ತೆ ಅಂದರೆ ರಾತ್ರಿ ತಗೋ. ಈಗಾಗಲೇ ಎರಡು ಕೆಜಿ ಇಳಿದಿದ್ದೀಯ. ಇದ್ದ ತೂಕದಲ್ಲಿ ನೂರಕ್ಕೆ ಐದು ಇಳಿದರೆ ಬರೀ ವಾಕರಿಕೆ ಅಂತ ಬಿಡೋ ಹಾಗಿಲ್ಲ, ನಿನ್ನ ಲೆಕ್ಕಕ್ಕೆ ಅದು ಮೂರು ಕೆಜಿ ಮುನ್ನೂರು ಚಿಲ್ಲರೆ. ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾದರೆ, ತೂಕ ನೋಡ್ತಾ ಕೂರಬೇಡ, ಆವತ್ತೇ ಆಸ್ಪತ್ರೆಗೆ ಹೋಗು. ಸಕ್ಕರೆ ಪರೀಕ್ಷೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ 140ರ ಒಳಗೆ ಬಂತು ಅಂದೆಯಲ್ಲ, ಸಂತೋಷ. ಆದರೆ 24ರಿಂದ 28 ವಾರದೊಳಗೆ ಮತ್ತೆ ಮಾಡಿಸಲೇಬೇಕು. ನಮ್ಮ ವಂಶದಲ್ಲಿ ಸಕ್ಕರೆ ಇದೆ. ಮೈದಾ, ಬೇಕರಿ ತಿಂಡಿ... ಸರಿ, ಪಾಠ ಶುರುವಾಯಿತು. ಇಲ್ಲಿಗೇ ಬಿಟ್ಟೆ.

ಇನ್ನೊಂದೇ ಒಂದು. ನಾಲ್ಕನೇ ತಿಂಗಳಿಂದ ಬಸುರಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚಿಗೆ ಬೇಕು ಅಂತ ನಮಗೆ ಕೊಟ್ಟ ಪುಸ್ತಕದಲ್ಲಿದೆ. ನಿನಗೆ ಎಷ್ಟು ಅನ್ನೋದು ನಿಮ್ಮ ಡಾಕ್ಟರಮ್ಮನೇ ಹೇಳಲಿ. ನಾನು ಅದನ್ನ ಸಭೆಯಲ್ಲಿ ಅಂಕಿಯಲ್ಲಿ ಹೇಳಲ್ಲ, ಯಾರಿಗೂ ಅರ್ಥವಾಗಲ್ಲ. ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆ, ಮೇಲೊಂದು ಚಿಕ್ಕ ಚಮಚ ತುಪ್ಪ ಅಂತೀನಿ, ಹೆಚ್ಚುಕಡಿಮೆ ಅಷ್ಟೇ ಆಗುತ್ತೆ. 2017ರಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡೋ ಮಾತೃಪೂರ್ಣ ಶುರುವಾದಾಗ ಅತ್ತೆಯರು ಕ್ಯಾರಿಯರ್ ಹಿಡಿದು ಬರ್ತಿದ್ದರು, ಊಟ ಮನೆಗೇ ಕೊಡಿ, ಹುಡುಗಿ ಅಲ್ಲೇ ತಿಂತಾಳೆ ಅಂತ. ನಾನು ಕೊಡ್ತಿರಲಿಲ್ಲ. ಅವಳೇ ಬಂದು ನನ್ನೆದುರು ಕೂತು ಉಣ್ಣಲಿ ಅಂತ ಜಗಳಕ್ಕೇ ನಿಲ್ತಿದ್ದೆ. ರೂಲ್ಸೂ ಹಾಗೇ ಇತ್ತು ಬಿಡು. ಆದರೆ ನನ್ನಷ್ಟು ಜೋರು ಪಕ್ಕದ ಕೇಂದ್ರದ ಟೀಚರು ಮಾಡ್ತಿರಲಿಲ್ಲ.

ನೀನು ನನ್ನೆದುರು ಕೂತು ಉಣ್ಣಬೇಕಾಗಿಲ್ಲ. ಬೆಂಗಳೂರಲ್ಲಿ ನಿನ್ನ ಮನೆ, ನಿನ್ನ ತಟ್ಟೆ. ಉಂಡೆ ಡಬ್ಬ ವಾಪಸ್ ತಂದಿದ್ದೀನಿ, ಕೇಂದ್ರದ ಮಕ್ಕಳು ಎರಡೇ ದಿನಕ್ಕೆ ಮುಗಿಸಿದರು. ತುಪ್ಪ ಅಲ್ಲೇ ಮೇಲಿನ ಶೆಲ್ಫಲ್ಲಿ, ಬೇಳೆ ಡಬ್ಬದ ಹಿಂದೆ ಇಟ್ಟಿದ್ದೀನಿ. ಬೇಕಾದರೆ ಇಟ್ಟುಕೋ, ಬೇಡವಾದರೆ ಮನೆಕೆಲಸದವಳಿಗೆ ಕೊಡು. ಆ 1200 ಮಾತ್ರ ಸೋಮವಾರ ಡಾಕ್ಟರಿಗೆ ತೋರಿಸಿ ಕೇಳು. ಅವರು ಸಾಕು ಅಂದರೆ ನಾನು ಬಾಯಿ ಮುಚ್ಚಿಕೊಳ್ತೀನಿ.

ಅಳಿಯಂದಿರಿಗೆ ಒಂದು ವಿಷಯ ಹೇಳು, ನಾನು ಹೇಳಿದೆ ಅಂತ ಬೇಡ. ಅವರು ಆ ಸ್ಟೀಲ್ ಬಟ್ಟಲಲ್ಲಿ ಅನ್ನ ಹಾಕಿ ಹಾಗೇ ತಕ್ಕಡಿ ಮೇಲೆ ಇಡ್ತಾರೆ. ಖಾಲಿ ಬಟ್ಟಲು ಇಟ್ಟು ಸೊನ್ನೆಗೆ ತಂದು ಆಮೇಲೆ ಅನ್ನ ಹಾಕಬೇಕು. ನೀನು ಸ್ನಾನಕ್ಕೆ ಹೋದಾಗ ತೂಗಿ ನೋಡಿದೆ. ಬಟ್ಟಲೇ 60 ಗ್ರಾಂ ಇದೆ.

ನಿನ್ನ
ಅಮ್ಮ