ವಾರ್ಡಿನಲ್ಲಿ ಪಾಠ ಹೇಳುವ ನಮಗೂ ಕಲಿಸುವುದನ್ನು ಕಲಿಸಿ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಶುಶ್ರೂಷಾಧಿಕಾರಿ. ನನ್ನ ನೇಮಕಾತಿ ಆದೇಶದಲ್ಲಿ ಪಾಠ ಮಾಡುವ ಬಗ್ಗೆ ಒಂದು ಮಾತೂ ಇಲ್ಲ. ಆದರೂ ನಮ್ಮ ವಾರ್ಡಿಗೆ ಒಂದು ಬ್ಯಾಚ್ ಹೋದರೆ ಇನ್ನೊಂದು ಬ್ಯಾಚ್ ವಿದ್ಯಾರ್ಥಿಗಳು ಬರುತ್ತಲೇ ಇರುತ್ತಾರೆ. ನರ್ಸಿಂಗ್ ಡಿಪ್ಲೊಮಾ ಮಾಡುವ ಜಿಎನ್‌ಎಂನವರು, ಬಿ.ಎಸ್ಸಿ. ನರ್ಸಿಂಗ್‌ನವರು, ಆಗಾಗ ಹೌಸ್ ಸರ್ಜನ್‌ಗಳು, ಅಂದರೆ ತರಬೇತಿಯಲ್ಲಿರುವ ಹೊಸ ವೈದ್ಯರು. ಕಾಲೇಜಿನ ಮೇಡಂ ಬೆಳಿಗ್ಗೆ ಬಂದು ಹಾಜರಿ ತೆಗೆದುಕೊಂಡು, ಒಂದು ಸುತ್ತು ಹಾಕಿ, ಬೇರೆ ವಾರ್ಡುಗಳನ್ನೂ ನೋಡಲು ಹೋಗಬೇಕು. ಅವರನ್ನು ದೂರಿ ಪ್ರಯೋಜನವಿಲ್ಲ, ಅವರೊಬ್ಬರೇ ಎಷ್ಟು ಕಡೆ ನಿಂತಾರು? ಉಳಿದ ಹೊತ್ತೆಲ್ಲ ಆ ಮಕ್ಕಳು ನಮ್ಮ ಜೊತೆ. ಬಿಪಿ ನೋಡುವುದು, ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳುವುದು, ಡ್ರಿಪ್‌ಗಾಗಿ ರಕ್ತನಾಳಕ್ಕೆ ಕ್ಯಾನುಲಾ (ಸಣ್ಣ ಕೊಳವೆ) ಹಾಕುವುದು, ಹೆರಿಗೆ ಮಾಡಿಸುವುದು, ಎಲ್ಲವನ್ನೂ ಅವರು ಕಲಿಯುವುದು ನಮ್ಮ ಕೈ ನೋಡಿ.

ನನ್ನ ಬೇಡಿಕೆ ಒಂದೇ. ಕಲಿಸುವುದು ಹೇಗೆ ಅಂತ ನಮಗೂ ಕಲಿಸಿ.

ವೈದ್ಯರ ವಿಷಯದಲ್ಲಿ ಈ ಮಾತು ಯಾವಾಗಲೋ ಒಪ್ಪಿಗೆಯಾಗಿದೆ. ಪುದುಚೇರಿಯ ಜಿಪ್ಮರ್ ವೈದ್ಯಕೀಯ ಸಂಸ್ಥೆಯಲ್ಲಿ ವೈದ್ಯಶಿಕ್ಷಕರಿಗೇ ತರಬೇತಿ ಕೊಡುವ ರಾಷ್ಟ್ರೀಯ ಕೇಂದ್ರ ಶುರುವಾಗಿದ್ದು 1970ರ ದಶಕದಲ್ಲಿ. 2019ರಲ್ಲಿ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂತು. ಎಷ್ಟು ಓದಿದ್ದೀರಿ ಅನ್ನುವುದಕ್ಕಿಂತ ಏನು ಮಾಡಿ ತೋರಿಸಬಲ್ಲಿರಿ ಅನ್ನುವುದು ಅದರಲ್ಲಿ ಮುಖ್ಯವಾಯಿತು. ಮೆಡಿಕಲ್ ಕಾಲೇಜಿನ ಅಧ್ಯಾಪಕರು ಈಗ ಬಡ್ತಿ ಬೇಕೆಂದರೆ ವೈದ್ಯಕೀಯ ಶಿಕ್ಷಣದ ಬೇಸಿಕ್ ಕೋರ್ಸ್ ಮಾಡಿರಲೇಬೇಕು. ಪಾಠದ ಯೋಜನೆ, ಪರೀಕ್ಷೆ ಮಾಡುವ ಬಗೆ, ವಿದ್ಯಾರ್ಥಿಗೆ ತಪ್ಪು ತಿಳಿಸಿ ಹೇಳುವ ಬಗೆ, ಇವೆಲ್ಲ ಅದರಲ್ಲಿವೆ. ಬಹಳ ಒಳ್ಳೆಯ ನಿಯಮ. ಆದರೆ ರಾತ್ರಿ ಎರಡು ಗಂಟೆಗೆ ಹಾಸಿಗೆಯ ಪಕ್ಕ ನಿಂತು ಕಲಿಸುವವರು ಯಾರು? ಆ ಹೊತ್ತಿನಲ್ಲಿ ಅಲ್ಲಿರುವುದು ಡ್ಯೂಟಿ ಸಿಸ್ಟರ್. ಅವಳಿಗೆ ಇಂಥ ಒಂದು ದಿನದ ಕೋರ್ಸೂ ಕಡ್ಡಾಯವಿಲ್ಲ.

ಕೆಲಸ ಚೆನ್ನಾಗಿ ಬಂದರೆ ಕಲಿಸುವುದೂ ತಾನಾಗಿಯೇ ಬರುತ್ತದೆ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದು ಹಾಗಿಲ್ಲ ಸರ್. ಒಂದು ಉದಾಹರಣೆ ಹೇಳುತ್ತೇನೆ.

ಮಗು ಹುಟ್ಟಿದಾಗ ಉಸಿರಾಡಲಿಲ್ಲ ಅಂದರೆ ಮೊದಲ ನಿಮಿಷದೊಳಗೇ ಬ್ಯಾಗ್ ಮತ್ತು ಮಾಸ್ಕ್‌ನಿಂದ ಉಸಿರು ಕೊಡಲು ಶುರು ಮಾಡಬೇಕು. ನಿಮಿಷಕ್ಕೆ 40ರಿಂದ 60 ಸಲ. ಹೆಬ್ಬೆರಳು ಮತ್ತು ತೋರುಬೆರಳು ಮಾಸ್ಕಿನ ಮೇಲೆ, ಉಳಿದ ಮೂರು ಬೆರಳು ದವಡೆಯ ಅಂಚಿಗೆ. ಇದನ್ನು ಗೊಂಬೆಯ ಮೇಲೆ ಕಲಿಸುತ್ತೇವೆ. ಹುಡುಗಿ ಬ್ಯಾಗ್ ಒತ್ತುತ್ತಾಳೆ, ಗೊಂಬೆಯ ಎದೆ ಏಳುವುದಿಲ್ಲ. ಆಗ ಸಾಮಾನ್ಯವಾಗಿ ಏನಾಗುತ್ತದೆ ಗೊತ್ತೇ? ‘ಹಾಗಲ್ಲ, ಕೊಡಿಲ್ಲಿ’ ಅಂತ ಸೀನಿಯರ್ ಕಸಿದುಕೊಂಡು ತಾನೇ ಮಾಡುತ್ತಾಳೆ. ಎದೆ ಏಳುತ್ತದೆ. ‘ನೋಡಿದೆಯಲ್ಲ?’ ‘ಹ್ಞೂಂ ಮೇಡಂ.’ ಹುಡುಗಿ ನೋಡಿದ್ದು ನಿಜ. ಆದರೆ ತನ್ನ ಕೈಯಲ್ಲಿ ಯಾಕೆ ಆಗಲಿಲ್ಲ ಅನ್ನುವುದು ಅವಳಿಗೆ ಗೊತ್ತಾಗಲೇ ಇಲ್ಲ.

ಕಲಿಸಲು ತರಬೇತಿ ಪಡೆದವರು ಇದೇ ಜಾಗದಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದನ್ನು ನಾನು ನೋಡಿದ್ದೇನೆ. ‘ಎದೆ ನೋಡು. ಏಳ್ತಿದೆಯಾ?’ ‘ಇಲ್ಲ ಮೇಡಂ.’ ‘ಗಾಳಿ ಎಲ್ಲಿ ಹೋಗ್ತಿದೆ? ಕಿವಿ ಕೊಟ್ಟು ಕೇಳು.’ ಹುಡುಗಿ ಬಗ್ಗಿದಳು. ಮೂಗಿನ ಪಕ್ಕ ಮಾಸ್ಕಿನ ಅಂಚಿನಿಂದ ಸುಯ್ ಅಂತ ಗಾಳಿ ಸೋರುತ್ತಿತ್ತು. ತಾನೇ ಬೆರಳು ಸರಿಸಿದಳು, ತಲೆಯನ್ನು ಸ್ವಲ್ಪ ಹಿಂದಕ್ಕೆ ಮಾಡಿದಳು, ಮತ್ತೆ ಒತ್ತಿದಳು. ಎದೆ ಎದ್ದಿತು. ಅಷ್ಟಕ್ಕೆ ಹಿಡಿದದ್ದು ಅರ್ಧ ನಿಮಿಷ ಜಾಸ್ತಿ. ಆದರೆ ನಾಳೆ ಯಾವುದೋ ಹಳ್ಳಿಯ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಅವಳೊಬ್ಬಳೇ ಇದ್ದಾಗ, ಸೋರುವ ಗಾಳಿಯನ್ನು ಹುಡುಕುವುದು ಅವಳಿಗೆ ಬರುತ್ತದೆ.

ಕೌಶಲ ಕಲಿಸುವುದಕ್ಕೆ ನಾಲ್ಕು ಹಂತದ ಒಂದು ವಿಧಾನವಿದೆ. ಬ್ರಿಟನ್ನಿನ ಶಸ್ತ್ರವೈದ್ಯ ಪೇಟನ್ ಅವರ ಹೆಸರಿನಲ್ಲಿ ಪ್ರಸಿದ್ಧ. ಮೊದಲು ಕಲಿಸುವವಳು ಮಾತಿಲ್ಲದೆ ಮಾಮೂಲಿ ವೇಗದಲ್ಲಿ ಮಾಡಿ ತೋರಿಸುತ್ತಾಳೆ. ಎರಡನೇ ಸಲ ನಿಧಾನವಾಗಿ, ಒಂದೊಂದನ್ನೂ ಬಿಡಿಸಿ ಹೇಳುತ್ತಾ. ಮೂರನೇ ಸಲ ಕಲಿಯುವವಳು ಹೇಳಬೇಕು, ಕಲಿಸುವವಳು ಅವಳು ಹೇಳಿದಂತೆಯೇ ಮಾಡಬೇಕು. ಕೊನೆಗೆ ಅವಳೇ ಹೇಳುತ್ತಾ ಮಾಡುತ್ತಾಳೆ. ನನ್ನ ಅನುಭವದಲ್ಲಿ ಮೂರನೇ ಹಂತದಲ್ಲೇ ಎಲ್ಲ ಬಯಲಾಗುತ್ತದೆ. ಕ್ಯಾನುಲಾ ಹಾಕುವಾಗ ‘ಈಗ ಸೂಜಿ ಹಿಂದಕ್ಕೆ ತೆಗೀರಿ’ ಅಂತ ಹುಡುಗಿ ಹೇಳುತ್ತಾಳೆ, ತೋಳಿಗೆ ಬಿಗಿದ ಟೂರ್ನಿಕೆ ಪಟ್ಟಿ ಬಿಚ್ಚುವುದನ್ನು ಮರೆತಿರುತ್ತಾಳೆ. ಆ ತಪ್ಪು ರೋಗಿಯ ಕೈಯ ಮೇಲೆ ಆಗುವ ಮೊದಲೇ ಬಾಯಿಮಾತಿನಲ್ಲಿ ಸಿಕ್ಕಿಬೀಳುತ್ತದೆ. ಇಷ್ಟು ಸರಳವಾದದ್ದನ್ನು ವರ್ಷಗಟ್ಟಲೆ ಸರ್ವಿಸ್ ಆದ ಎಷ್ಟೋ ಸಿಸ್ಟರ್‌ಗಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಯಾವಾಗ ಕಲಿಸಬಾರದು ಅನ್ನುವುದೂ ತರಬೇತಿಯ ಭಾಗವೇ. ಹೆರಿಗೆಯಾದ ಮೇಲೆ ರಕ್ತಸ್ರಾವ ಜೋರಾದಾಗ ಪ್ರಶ್ನೆ ಕೇಳುತ್ತಾ ನಿಲ್ಲಲು ಆಗುವುದಿಲ್ಲ. ಆಗ ಸ್ಪಷ್ಟವಾಗಿ ಕೆಲಸ ಹಂಚಬೇಕು: ನೀನು ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಉಜ್ಜು, ನೀನು ಎರಡನೇ ಡ್ರಿಪ್ ಲೈನ್ ಹಾಕು, ನೀನು ಡಾಕ್ಟರಿಗೆ ಫೋನ್ ಮಾಡು. ಪಾಠ ಆಮೇಲೆ, ತಾಯಿ ಹುಷಾರಾದ ಮೇಲೆ. ಹತ್ತು ನಿಮಿಷ ಕೂತು ‘ನಿನಗೆ ಮೊದಲು ಏನು ಅನ್ನಿಸಿತು? ಯಾಕೆ?’ ಅಂತ ಕೇಳಬೇಕು. ಆ ಹತ್ತು ನಿಮಿಷ ನಮ್ಮ ರೋಸ್ಟರಿನಲ್ಲಿ ಎಲ್ಲೂ ಇಲ್ಲ. ಕೇಸ್ ಶೀಟ್, ರಿಜಿಸ್ಟರ್, ಪೋರ್ಟಲ್ ಎಂಟ್ರಿ ಮುಗಿಯುವಷ್ಟರಲ್ಲಿ ಮುಂದಿನ ಹೆರಿಗೆ ಬಂದಿರುತ್ತದೆ.

ಇದರಲ್ಲಿ ರೋಗಿಯ ಪಾಲೂ ಇದೆ. ಸರ್ಕಾರಿ ಆಸ್ಪತ್ರೆಗೆ ಬರುವ ಬಡ ಹೆಣ್ಣುಮಕ್ಕಳ ಮೈ ಮೇಲೆಯೇ ಈ ರಾಜ್ಯದ ಸಾವಿರಾರು ನರ್ಸುಗಳು, ಡಾಕ್ಟರುಗಳು ಕೆಲಸ ಕಲಿತಿದ್ದಾರೆ. ಅವರು ಸುಮ್ನೆ ಸಹಿಸಿಕೊಳ್ಳುತ್ತಾರೆ. ಒಬ್ಬ ತಾಯಿಯನ್ನು ಒಬ್ಬರಾದ ಮೇಲೆ ಒಬ್ಬರು ಒಳಪರೀಕ್ಷೆ ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಲಿಸಲು ಕಲಿತವರು ಮೊದಲು ಹೇಳಿಕೊಡುವುದೇ ‘ಅಕ್ಕಾ, ಇವಳು ಕಲಿಯುತ್ತಿದ್ದಾಳೆ, ನಾನು ಪಕ್ಕದಲ್ಲೇ ಇರುತ್ತೇನೆ, ನಿಮ್ಮನ್ನು ಪರೀಕ್ಷೆ ಮಾಡಬಹುದಾ?’ ಅಂತ ಕೇಳುವುದನ್ನು. ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಇದನ್ನು ವಿದ್ಯಾರ್ಥಿಗಳು ಪುಸ್ತಕದಿಂದ ಕಲಿಯುವುದಿಲ್ಲ. ನಾವು ಕೇಳಿದರೆ ಅವರೂ ಕೇಳುತ್ತಾರೆ.

ಇದೆಲ್ಲ ನಮ್ಮಲ್ಲಿ ಆಗುವ ಮಾತಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಿದರೆ, ದಯವಿಟ್ಟು ‘ಸುಕ್ಷೇಮ’ ಯೋಜನೆಯ ಕಡತ ತರಿಸಿ ನೋಡಿ. ಹತ್ತು ವರ್ಷಕ್ಕೂ ಹಿಂದೆ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಸರ್ಕಾರದ ಜೊತೆ ಸೇರಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ನಡೆಸಿದ ಕೆಲಸ ಅದು. ನರ್ಸುಗಳನ್ನೇ ಆರಿಸಿ, ಕಲಿಸುವುದಕ್ಕೆ ತಯಾರು ಮಾಡಿ, ನರ್ಸ್ ಮೆಂಟರ್ ಅಂತ ಪಿಎಚ್‌ಸಿಗಳಿಗೆ ಕಳಿಸಿದರು. ಅವರು ಅಲ್ಲಿನ ಸಿಸ್ಟರ್‌ಗಳ ಜೊತೆ ನಿಂತು, ಅಲ್ಲಿದ್ದ ಸಾಮಾನಿನಲ್ಲೇ, ಅಲ್ಲಿನ ಕೇಸುಗಳನ್ನೇ ಇಟ್ಟುಕೊಂಡು ಕಲಿಸಿದರು. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಪಿಎಚ್‌ಸಿಗಳಲ್ಲಿ ಇದರ ಫಲವನ್ನು ಅಳೆದೂ ನೋಡಿದರು. ಅರ್ಧಕ್ಕೆ ಮೆಂಟರ್ ಇದ್ದರು, ಇನ್ನರ್ಧಕ್ಕೆ ಇರಲಿಲ್ಲ. ಮೆಂಟರ್ ಹೋದ ಕಡೆ ತಾಯಿ ಮತ್ತು ಮಗುವಿನ ತೊಡಕುಗಳನ್ನು ನಿಭಾಯಿಸುವ ತಿಳಿವಳಿಕೆ ಚೆನ್ನಾಗಿ ಬೆಳೆದಿತ್ತು. ನಮ್ಮದೇ ನರ್ಸುಗಳು, ನಮ್ಮದೇ ಜಿಲ್ಲೆಗಳು. ಇಂಥದ್ದನ್ನು ಒಂದು ಯೋಜನೆ ಮುಗಿಯಿತು ಅಂತ ಕೈಬಿಡಬಾರದು ಅಲ್ವಾ?

ಹಾಗಾದರೆ ಏನು ಮಾಡಬೇಕು? ಹೊಸ ಕಟ್ಟಡ ಬೇಡ. ಪ್ರತಿ ಮೆಡಿಕಲ್ ಕಾಲೇಜಿನಲ್ಲೂ ಅಧ್ಯಾಪಕರಿಗೆ ಕಲಿಸುವ ತರಬೇತಿ ಕೊಡುವ ಮೆಡಿಕಲ್ ಎಜುಕೇಷನ್ ಯೂನಿಟ್ ಇರಬೇಕೆಂಬ ನಿಯಮ ಈಗಾಗಲೇ ಇದೆ. ಅದರ ಬಾಗಿಲನ್ನು ವಿದ್ಯಾರ್ಥಿಗಳು ಬರುವ ವಾರ್ಡುಗಳ ಶುಶ್ರೂಷಾಧಿಕಾರಿಗಳಿಗೂ ತೆರೆಸಿ. ಮೂರು ದಿನದ ಕೋರ್ಸ್ ಸಾಕು, ಕನ್ನಡದಲ್ಲಿ ಇರಲಿ, ಲೆಕ್ಚರ್ ಕಡಿಮೆ ಇರಲಿ, ಮಾಡಿ ಕಲಿಯುವುದು ಜಾಸ್ತಿ ಇರಲಿ. ಅದನ್ನು ಆನ್ ಡ್ಯೂಟಿ ಅಂತ ಪರಿಗಣಿಸಿ, ಆ ದಿನಗಳಿಗೆ ಬದಲಿ ಸಿಬ್ಬಂದಿ ಕೊಡಿ. ಇಲ್ಲದಿದ್ದರೆ ವಾರ್ಡ್ ಇನ್‌ಚಾರ್ಜ್ ಯಾರನ್ನೂ ಬಿಡುವುದಿಲ್ಲ, ಬಿಡಲು ಅವರಿಗೆ ಸಾಧ್ಯವೂ ಇಲ್ಲ. ಸರ್ಟಿಫಿಕೇಟ್ ಕೈಗಿಟ್ಟು ಮರೆಯಬೇಡಿ. ಕೆಲವು ತಿಂಗಳ ಮೇಲೆ ಯಾರಾದರೂ ವಾರ್ಡಿಗೆ ಬಂದು ನಾವು ಕಲಿಸುವುದನ್ನು ನಿಂತು ನೋಡಲಿ, ತಿದ್ದಲಿ. ಹೀಗೆ ತರಬೇತಿ ಪಡೆದವರ ಸರ್ವಿಸ್ ರಿಜಿಸ್ಟರಿನಲ್ಲಿ ಅದು ದಾಖಲಾಗಲಿ, ಬಡ್ತಿಯಲ್ಲಿ ಲೆಕ್ಕಕ್ಕೆ ಬರಲಿ.

ಎಲ್ಲ ಕಡೆ ಒಟ್ಟಿಗೆ ಆಗದಿದ್ದರೆ ಹೆರಿಗೆ ವಾರ್ಡ್ ಮತ್ತು ನವಜಾತ ಶಿಶು ಘಟಕಗಳಿಂದ ಶುರು ಮಾಡಿ, ಸರ್ಕಾರಿ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಲ್ಲೇ ಮೊದಲು. ಮುಂದಿನ ಬ್ಯಾಚ್ ಪೋಸ್ಟಿಂಗ್‌ಗೆ ಬರುವ ಮುಂಚೆ ಒಂದು ಆದೇಶ ಹೊರಡಿಸಿದರೆ, ಮೊದಲ ತಂಡಕ್ಕೆ ಹೆಸರು ಕೊಡಲು ನಾನು ಸಿದ್ಧಳಿದ್ದೇನೆ. ನನ್ನ ವಾರ್ಡಿನ ಇನ್ನೂ ಕೆಲವರು ಸಿದ್ಧರಿದ್ದಾರೆ.

ಇಂತಿ,
ಉತ್ತರ ಕರ್ನಾಟಕದ ಒಬ್ಬ ಶುಶ್ರೂಷಾಧಿಕಾರಿ