ಯಾರಿಂದ ಬಂತು ಎಂದು ಕೇಳದವರಿಗೆ

ಮೊನ್ನೆ ರವಿವಾರ ಗದಗಿನ ತವರುಮನೆಯಲ್ಲಿ ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಓಣಿಯ ಹೆಣ್ಣುಮಕ್ಕಳು ಜೋಗುಳ ಹಾಡಿ, ಗುಗ್ಗರಿ ಕಟ್ಟಿಕೊಂಡು ಹೋದರು. ಅವತ್ತು ಕೈಮುಗಿದು ಆಡಬೇಕಾಗಿದ್ದ ಕೆಲವು ಮಾತುಗಳನ್ನು ಮಂದಿಯ ಮುಂದೆ ಆಡಲಾಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಜನನಾಂಗದ ಹರ್ಪಿಸ್ ಇದೆ, ಲೈಂಗಿಕ ಸಂಪರ್ಕದಿಂದ ಅಂಟಿ ಗುಳ್ಳೆ, ಹುಣ್ಣು ಏಳಿಸುವ ವೈರಸ್. 2021ರಿಂದ ಇದೆ. ಜೀವ ಇರುವವರೆಗೂ ಇರುತ್ತದೆ.

ಆಗ ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಪಿಜಿಯಲ್ಲಿದ್ದೆ. ಜ್ವರ, ತೊಡೆಸಂದಿಯಲ್ಲಿ ಗಂಟು, ಒಂದಕ್ಕೆ ಹೋದರೆ ಬೆಂಕಿ ಇಟ್ಟಂಥ ಉರಿ. ಮೊದಲು ತೋರಿಸಿದ ಡಾಕ್ಟರು "ಮದುವಿ ಆಗೇತೇನು?" ಅಂದರು. ಇಲ್ಲ ಅಂದೆ. "ಹಂಗಾರ ಯಾರಿಂದ ಬಂತು?" ಹುಣ್ಣು ನೋಡಲೇ ಇಲ್ಲ, ಮುಲಾಮು ಬರೆದು ಕಳಿಸಿದರು. ಯಾರಿಂದ ಎಂಬುದು ನನಗೆ ಗೊತ್ತಿತ್ತು. ಆದರೆ ಆ ಮನುಷ್ಯನಿಗೇ ಅದು ಗೊತ್ತಿರಲಿಲ್ಲ ಎಂದು ಈಗಲೂ ನಂಬಿದ್ದೇನೆ. ಈ ವೈರಸ್ ಇರುವ ಬಹಳಷ್ಟು ಜನರಿಗೆ ಒಂದು ಗುಳ್ಳೆಯೂ ಏಳುವುದಿಲ್ಲ, ಎದ್ದರೂ ಬೆವರುಸಾಲೆ ಅಂದುಕೊಂಡು ಸುಮ್ಮನಿರುತ್ತಾರೆ.

ಮೊದಲ ನಮಸ್ಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಇಂಥ ಲೈಂಗಿಕ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ನ ಆಪ್ತಸಮಾಲೋಚಕಿಗೆ. ನಾನು ಬಾಗಿಲಲ್ಲೇ ನಿಂತಿದ್ದೆ. "ಕುಂದರಾಕ ಆಗ್ತೈತೇನವಾ? ಇಲ್ಲಂದ್ರ ನಿಂತೇ ಮಾತಾಡೂಣು" ಅಂದವರು ತಾವೂ ಕುರ್ಚಿ ಬಿಟ್ಟು ಎದ್ದು ನಿಂತರು. ಇಪ್ಪತ್ತು ನಿಮಿಷ ನಿಂತೇ ಮಾತಾಡಿದೆವು. ಗುಳಿಗೆಗಳ ಕೆಂಪು ಬಣ್ಣದ ಕಿಟ್ ಕೈಗಿಟ್ಟು, ಅಸೈಕ್ಲೋವಿರ್ 400 ಮಿಲಿಗ್ರಾಂ, ದಿನಕ್ಕೆ ಮೂರು, ಏಳು ದಿನ ಎಂದು ಬೆರಳು ಮಡಚಿ ಎಣಿಸಿ ಹೇಳಿದರು. ವೈರಸ್ ಬೆನ್ನುಹುರಿಯ ಬುಡದ ನರಗಳಲ್ಲಿ ಮಲಗಿರುತ್ತದೆ, ಆಗಾಗ ಏಳುತ್ತದೆ, ಮೊದಲ ವರ್ಷ ಹೆಚ್ಚು, ಬರಬರುತ್ತಾ ಕಡಿಮೆ. ಇದು ಸರ್ಪಸುತ್ತಲ್ಲ, ಅದರ ವೈರಸ್ಸೇ ಬೇರೆ, ಕಾವಿ ಹಚ್ಚಬೇಡ ಎಂದೂ ಹೇಳಿದರು. ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯೂ ಅಲ್ಲೇ ಆಯಿತು. ಯಾರಿಂದ ಎಂದು ಅವರು ಕೇಳಲೇ ಇಲ್ಲ.

ಆ ವರ್ಷ ಐದು ಸಲ ಬಂತು. ಇನ್ನು ಮದುವೆಯ ಮಾತೇ ಬೇಡ ಅಂದುಕೊಂಡಿದ್ದೆ. 2023ರಲ್ಲಿ ರಾಣೆಬೆನ್ನೂರಿನ ಸಂಬಂಧ ಬಂತು, ಬೀಜದ ಅಂಗಡಿಯವರು. ನಿಶ್ಚಯಕ್ಕೆ ಮೊದಲು ಅವರನ್ನು ಉಣಕಲ್ ಕೆರೆ ದಂಡೆಗೆ ಕರೆಸಿ ಎಲ್ಲ ಹೇಳಿಬಿಟ್ಟೆ. ಅವರು ಏನೂ ಅನ್ನಲಿಲ್ಲ, ಬಸ್ಸು ಹತ್ತಿ ಹೋದರು. ಒಂಬತ್ತು ದಿನ ಫೋನೂ ಇಲ್ಲ. ಆ ಒಂಬತ್ತು ದಿನಕ್ಕೂ ನಾನು ಋಣಿ. ಅವಸರದಲ್ಲಿ ಹೂಂ ಅಂದಿದ್ದರೆ ನನಗೆ ನಂಬಿಕೆ ಬರುತ್ತಿರಲಿಲ್ಲ. ಹತ್ತನೇ ದಿನ ಬಂದಾಗ ಅಂಗಡಿಯ ಬಿಲ್ಲಿನ ಹಿಂದೆ ಪ್ರಶ್ನೆ ಬರೆದುಕೊಂಡಿದ್ದರು. ಒಂದೇ ಗಂಗಾಳದಾಗ ಉಂಡ್ರ ಬರ್ತೈತೇನು? ಟಾವೆಲ್ಲಿಂದ? ಮಕ್ಕಳಿಗೆ? ಕಡೆಯ ಸಾಲು: "ನಿನಗ ಎದ್ದಾಗ ನಾ ಏನ್ ಮಾಡಬೇಕು?"

ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಗಂಗಾಳ, ಟಾವೆಲ್ಲಿನ ಭಯ ಅಲ್ಲಿಗೇ ಮುಗಿಯಿತು. ಇದು ಚರ್ಮಕ್ಕೆ ಚರ್ಮ ತಾಗಿ ಬರುವಂಥದ್ದು. ಹುಣ್ಣು ಕಾಣದ ದಿನಗಳಲ್ಲೂ ದಾಟಬಹುದು ಎಂಬುದನ್ನು ಅವರು ಮುಚ್ಚಿಡಲಿಲ್ಲ. ದಿನಕ್ಕೊಂದು 500 ಮಿಲಿಗ್ರಾಂ ವ್ಯಾಲಾಸೈಕ್ಲೋವಿರ್ ತೆಗೆದುಕೊಂಡರೆ ಸಂಗಾತಿಗೆ ದಾಟುವ ಸಂಭವ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಕಾಂಡೋಮ್ ಇನ್ನಷ್ಟು ಇಳಿಸುತ್ತದೆ, ಸೊನ್ನೆ ಮಾತ್ರ ಆಗುವುದಿಲ್ಲ. ನನಗೆ ಗುಳ್ಳೆ ಏಳುವ ಮುಂಚೆ ತೊಡೆಯಲ್ಲಿ ಜುಮುಜುಮು ಶುರುವಾಗುತ್ತದೆ. "ಇವತ್ತ ಮೋಡ ಆಗೇತ್ರಿ" ಎಂದರೆ ಸಾಕು, ನಮ್ಮ ಮನೆಯವರಿಗೆ ತಿಳಿಯುತ್ತದೆ.

ಎಲ್ಲವೂ ಸಲೀಸಾಗಿತ್ತು ಅಂತಲ್ಲ. ಮದುವೆಯಾದ ಮೇಲೆ ಒಂದು ಸಲ ಅವರಿಗೆ ತೊಡೆಸಂದಿಯಲ್ಲಿ ತುರಿಕೆ ಬಂತು. ಮೂರು ದಿನ ಮನೆಯಲ್ಲಿ ಮಾತಿಲ್ಲ. ತೋರಿಸಿದರೆ ಗಜಕರ್ಣ. ಅವರು ತಪ್ಪಾಯಿತು ಅಂದರು. ನಾನೂ ಆ ಮೂರು ದಿನ ಅವರ ಮುಖ ನೋಡುವ ಧೈರ್ಯ ಮಾಡಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೂಸು ಬೇಕೆಂದು ನಿರ್ಧರಿಸಿದಾಗ ಕಾಂಡೋಮ್ ಬಿಟ್ಟೆವು, ಗುಳಿಗೆ ಬಿಡಲಿಲ್ಲ. ಎಲ್ಲ ತಿಳಿದೇ ಅವರು ಒಪ್ಪಿದರು. ಇಲ್ಲಿಯವರೆಗೆ ಅವರಿಗೆ ಏನೂ ಆಗಿಲ್ಲ.

ಬಸಿರಲ್ಲಿ ನನ್ನನ್ನು ಕಾಯ್ದ ಡಾಕ್ಟರ್ ಮೇಡಮ್‌ಗೆ ಏನು ಹೇಳಲಿ? ಬಸಿರಿನ ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ಅಂಟಿದರೆ ಕೂಸಿಗೆ ಅಪಾಯ ದೊಡ್ಡದು, ನಿನ್ನದು ಹಳೆಯದು, ನಿನ್ನ ರಕ್ತದಲ್ಲಿ ತಯಾರಾದ ಕಾವಲು ಹೊಟ್ಟೆಯಲ್ಲೇ ಕೂಸಿಗೂ ಹೋಗುತ್ತದೆ ಎಂದು ಅವರು ಹೇಳಿದ ರಾತ್ರಿ ನಾನು ಎಷ್ಟೋ ದಿನದ ಮೇಲೆ ನಿದ್ದೆ ಮಾಡಿದೆ. 36ನೇ ವಾರದಿಂದ ಅಸೈಕ್ಲೋವಿರ್ ಕೊಟ್ಟರು. ನೋವು ಶುರುವಾದ ಮೇಲೆ ಬೆಳಕು ಹಿಡಿದು ಸಾವಕಾಶ ನೋಡಿದರು. ಹುಣ್ಣಿದ್ದರೆ ಸಿಜೇರಿಯನ್ ಎಂದು ಮೊದಲೇ ಮಾತಾಗಿತ್ತು. "ಏನೂ ಇಲ್ಲವಾ, ಧೈರ್ಯದಿಂದ ಹಡಿ" ಅಂದರು. ಹಡೆದೆ.

ಅಕ್ಕಾ, ತೊಟ್ಟಿಲ ದಿನ ತುಟಿ ಮೇಲೆ ಜ್ವರದ ಗುಳ್ಳೆ ಎದ್ದಿದ್ದ ಚಿಗವ್ವ ಕೂಸಿಗೆ ಮುದ್ದು ಕೊಡಲು ಬಗ್ಗಿದಾಗ ನೀನು ನಡುವೆ ಹೋಗಿ "ನಿದ್ದಿ ಹತ್ತೇತಿ" ಎಂದು ಎತ್ತಿಕೊಂಡೆಯಲ್ಲ, ನಾನು ನೋಡಿದೆ. ಆ ಗುಳ್ಳೆಯೂ ಹರ್ಪಿಸ್ಸೇ, ಎಳೆಗೂಸಿಗೆ ಅದೂ ಅಪಾಯ. ಚಿಗವ್ವನಿಗೆ ಯಾರೂ ಯಾರಿಂದ ಬಂತು ಎಂದು ಕೇಳುವುದಿಲ್ಲ, ಕೇಳಲೂಬಾರದು. ನನ್ನದು ಅದರ ಒಡಹುಟ್ಟಿದ್ದು, ಅಷ್ಟೇ.

ಇನ್ನು ಅವ್ವ. ಹಿಂದೆ ನಾನು ಮುಖ ಬಾಡಿಸಿಕೊಂಡು ಊರಿಗೆ ಬಂದಾಗೆಲ್ಲ "ಉಷ್ಣ ಆಗೇತಿ" ಎಂದು ಕಾಮಕಸ್ತೂರಿ ಬೀಜ ನೆನೆಸಿ ಕೊಡುತ್ತಿದ್ದಳು. ಬಾಣಂತನಕ್ಕೆ ಬಂದಾಗ ನನ್ನ ಗುಳಿಗೆಯ ಡಬ್ಬಿ ಕಿಟಕಿಯಲ್ಲಿತ್ತು. ಮರುದಿನ ನೋಡಿದರೆ ಅದು ದೇವರ ಮಾಡದ ಪಕ್ಕದ ಗೂಡಿಗೆ ಹೋಗಿತ್ತು, ಬಂದುಹೋಗುವವರ ಕಣ್ಣಿಗೆ ಬೀಳದ ಕಡೆ. ಈಗ ದಿನಾ ರಾತ್ರಿ ಬಿಸಿನೀರಿನ ತಂಬಿಗೆ ತಂದಿಟ್ಟು "ಗುಳಿಗಿ ತಗೊಂಡ್ಯಾ?" ಅನ್ನುತ್ತಾಳೆ. ಯಾತರ ಗುಳಿಗೆ ಎಂದು ಒಮ್ಮೆಯೂ ಕೇಳಿಲ್ಲ. ಐದನೇ ತಿಂಗಳಿಗೆ ರಾಣೆಬೆನ್ನೂರಿಗೆ ಹೊರಡುವ ಮೊದಲು ನಾನೇ ಅವಳ ಪಕ್ಕ ಕೂತು ಹೇಳುತ್ತೇನೆ.